ಹೊಂಬಾಳಮ್ಮನಿಗೆ ಎರಡು ಸಲ ಬಂದ ಅತ್ತೆ

ನಮ್ಮಕ್ಕ ಹೊಂಬಾಳಮ್ಮನಿಗೆ ಒಬ್ಬಳೇ ಅತ್ತೆ ಎರಡು ಸಲ ಬಂದಳು. ಮೊದಲನೆಯ ಸಲ ಮದುವೆಯಾದಾಗ; ಅದು ಎಲ್ಲರಿಗೂ ಇದ್ದದ್ದೇ. ಎರಡನೆಯ ಸಲ ಬಂದದ್ದು ಆ ಅತ್ತೆ ಸತ್ತು, ತಿಥಿ ಮಾಡಿ, ಊರಿಗೆಲ್ಲ ಊಟ ಹಾಕಿಸಿ ಎರಡು ವರ್ಷವಾದ ಮೇಲೆ. ಅದೂ ಸ್ವಂತ ಸೊಸೆಯ ಮೈಯಲ್ಲಿ. ನಗಬೇಡಿ. ನಗುವುದಾದರೆ ಪೂರ್ತಿ ಓದಿ ಆಮೇಲೆ ನಗಿ. ನಾನೂ ಜೊತೆಗೆ ನಗುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ದಡ್ಡತನ ಮಾಡಿದವಳು ನಾನೇ.

ನನ್ನ ಹೆಸರು ಸಣ್ಣತಾಯಮ್ಮ. ಮೂವತ್ತೆರಡು ವರ್ಷ ಸರ್ಕಾರಿ ನರ್ಸಾಗಿದ್ದು, ಈಗ ನಿವೃತ್ತಳಾಗಿ ಮಂಡ್ಯದ ಗುತ್ತಲಿನಲ್ಲಿದ್ದೇನೆ. ಅಕ್ಕನನ್ನು ಕೊಟ್ಟಿರುವುದು ಚಿಕ್ಕರಸಿನಕೆರೆ ಹತ್ತಿರದ ಒಂದು ಹಳ್ಳಿಗೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಭಾವ ಜವರಯ್ಯನವರು ಬಸ್ಸು ಹತ್ತಿ ಬಂದು ನನ್ನ ಮನೆ ಮುಂದೆ ನಿಂತು ಕೂಗಾಡುತ್ತಾರೆ. ಮನೆಯಲ್ಲಿ ಭಾವ, ಅಕ್ಕ, ಮಗ ಯತೀಶ, ಸೊಸೆ ರೂಪ, ಐದು ವರ್ಷದ ಮೊಮ್ಮಗಳು ಗಗನ. ಎರಡೆಕರೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆಹುಳು ಸಾಕುವ ಹುಳುಮನೆ, ಅದರ ಗೋಡೆಗೇ ಅಂಟಿಕೊಂಡಂತೆ ಬಾವಿಯ ಮೋಟರು ಮನೆ. ಮೋಟರು ಹಾಕಿದರೆ ಹುಳುಮನೆಯ ಗೋಡೆಯೂ ಜೊತೆಗೆ ಗುಂಯ್ಗುಡುತ್ತದೆ. ಈ ಗೋಡೆಯ ವಿಷಯ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಭಾವನ ತಾಯಿ ಮಂಚಮ್ಮನೆಂದರೆ ಊರೇ ದಾರಿ ಬಿಡುತ್ತಿತ್ತು. ಬಾಯಲ್ಲಿ ಹೊಗೆಸೊಪ್ಪು, ಸೊಂಟದ ಮೇಲೆ ಕೈ. ಅಕ್ಕ ಮೂವತ್ತೊಂದು ವರ್ಷ ಅವಳ ಕೈಕೆಳಗೆ ಬಾಳಿದಳು. ಮುದ್ದೆ ಗಟ್ಟಿಯಾದರೆ ಒಂದು ಬೈಗುಳ, ಮೆತ್ತಗಾದರೆ ಇನ್ನೊಂದು, ಹದವಾಗಿದ್ದರೆ "ಇವತ್ತೇನೇ ಇಸೇಸ, ನಿಮ್ಮಪ್ಪ ಬತ್ತವ್ನಾ?" ಎಂದು ಮೂರನೆಯದು. ರೂಪನ ಮೇಲೆ ಮಾತ್ರ ಆ ಮುದುಕಿಗೆ ಪ್ರಾಣ. ರೂಪ ತಾಯಿಯಿಲ್ಲದವಳು, ಮಳವಳ್ಳಿ ಕಡೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ನಾಲ್ಕು ವರ್ಷ, ಅಕ್ಕ ಅವಳ ಮೇಲೆ ದನಿ ಎತ್ತಿದರೆ ಸಾಕು, ಜಗುಲಿಯಿಂದ ಮಂಚಮ್ಮ ಗುಡುಗುತ್ತಿದ್ದಳು: "ಆ ಮಗೀನ ತಂಟೆಗೋದ್ರೆ ಉಸಾರು, ಹೊಂಬಾಳಿ!"

ಆ ಗುಡುಗು ನಿಂತ ದಿನ ಅಕ್ಕ ಅತ್ತಳು, ನಿಜ. ಆದರೆ ಹದಿಮೂರನೆಯ ದಿನ ನನ್ನನ್ನು ಹಿತ್ತಲಿಗೆ ಕರೆದು, "ಸಣ್ಣಿ, ಇನ್ಮೇಲೆ ಈ ಮನೆಗೆ ಅತ್ತೆ ಅಂದ್ರೆ ನಾನು ಕಣೆ" ಎಂದಳು. ಆ ಹೊತ್ತಿನ ಅವಳ ಮುಖ ನಾನು ಮರೆತಿಲ್ಲ. ಎರಡು ವರ್ಷ ಅತ್ತೆತನ ನಡೆಸಿದಳು, ಚೆನ್ನಾಗಿಯೇ ನಡೆಸಿದಳು. ಬೈಗುಳವೆಲ್ಲ ಬಾಯಿಪಾಠವಾಗಿತ್ತಲ್ಲ.

ಹೋದ ವರ್ಷದ ಹಿಂದಿನ ವರ್ಷ ಒಂದು ಬೆಳಗ್ಗೆ ಹನ್ನೊಂದು ಗಂಟೆ. ಹುಳು ಮೂರನೆಯ ಸಲ ಪೊರೆ ಬಿಟ್ಟು, ನಮ್ಮ ಕಡೆ ಹೇಳುವಂತೆ ಮೂರನೆಯ ಜ್ವರ ಎದ್ದಿದ್ದವು. ಸೆಕೆ ವಿಪರೀತ. ರೂಪ ಪಿಯುಸಿ ಓದಿದವಳು, ರೇಷ್ಮೆ ತರಬೇತಿಗೂ ಹೋಗಿ ಬಂದವಳು. "ಅತ್ತೆ, ಕಿಟಕಿ ತೆಗೀಬೇಕು, ಗಾಳಿ ಆಡಬೇಕು, ಒದ್ದೆ ಸೊಪ್ಪು ಹಾಕಬಾರದು" ಎಂದಳು. ಅಕ್ಕ, "ನಿನ್ ಟ್ರೈನಿಂಗ್ನ ನಿಮ್ ಮಾವನ ಮನೇಲಿ ಮಡಿಕ್ಕೊ. ನಾನು ಉಳ ಸಾಕಕ್ಕೆ ಸುರು ಮಾಡ್ದಾಗ ನೀನು ಉಟ್ಟೇ ಇರ್ನಿಲ್ಲ" ಎಂದು ಕೂಗಿದಳು. ಅಷ್ಟರಲ್ಲಿ ಕರೆಂಟು ಬಂತು. ಯತೀಶ ಮೋಟರು ಹಾಕಿದ. ಗೋಡೆ ಗುಂಯ್ಗುಟ್ಟಿತು. ರೂಪ ಸೊಪ್ಪಿನ ಕುಕ್ಕೆ ಕೈಬಿಟ್ಟು, ಓಡಿ ಮೂಲೆಯಲ್ಲಿ ಮುದುರಿ ಕೂತು, ಐದಾರು ವರ್ಷದ ಮಗುವಿನ ದನಿಯಲ್ಲಿ "ಬಾಗ್ಲು ತೆಗೀರಿ, ಇನ್ನು ಮಾಡಲ್ಲ" ಎಂದು ಅಳತೊಡಗಿದಳು. ಅಕ್ಕ ಗಾಬರಿಬಿದ್ದು ಹತ್ತಿರ ಹೋದಳು. ಆಗ ರೂಪ ತಟ್ಟನೆ ಎದ್ದು ನಿಂತಳು. ಕೈ ಸೊಂಟದ ಮೇಲೆ ಹೋಯಿತು. ತುಟಿ ಹೊಗೆಸೊಪ್ಪು ಹಾಕಿದವರಂತೆ ಒಂದು ಕಡೆಗೆ ವಾಲಿತು.

"ಲೇ ಹೊಂಬಾಳಿ! ಉಳನೆಲ್ಲ ಬೇಯಿಸ್ತೀಯೇನೆ? ತಗಿಯೇ ಕಿಟ್ಕಿಯ!"

ಅಕ್ಕನ ಕೈ ತಾನಾಗಿ ಕಿಟಕಿ ತೆಗೆಯಿತು. ಮೂವತ್ತೊಂದು ವರ್ಷದ ಅಭ್ಯಾಸ, ಯೋಚಿಸುವ ಅಗತ್ಯವೇ ಇರಲಿಲ್ಲ. ನಾಲ್ಕೂ ಕಿಟಕಿ ತೆಗೆದ ಮೇಲೆ ತಾನು ಯಾರ ಮಾತು ಕೇಳಿದೆನೆಂದು ಅವಳಿಗೆ ಹೊಳೆದು, ಅಲ್ಲೇ ಕುಸಿದು ಕೂತಳು.

ಆ ಸಲ ಸುತ್ತಮುತ್ತ ಊರೆಲ್ಲ ಸಪ್ಪೆರೋಗ ಬಂದು ಹುಳು ಸತ್ತವು. ಇವರ ಮನೆಯಲ್ಲಿ ಮಾತ್ರ ಗೂಡು ಬಂಗಾರದಂತೆ ಕಟ್ಟಿದವು. ಕಿಟಕಿ ತೆಗೆದಿದ್ದರೆ ಯಾರ ಮನೆಯಲ್ಲಾದರೂ ಕಟ್ಟುತ್ತಿದ್ದವು. ಆದರೆ ಭಾವ ಊರತುಂಬ ಸಾರಿದರು: "ನಮ್ಮವ್ವ ಬಂದವ್ಳೆ. ಬಂದು ಉಳ ಉಳಿಸವ್ಳೆ."

ಸತ್ತವರು ಮನೆಯ ಹೆಂಗಸಿನ ಮೈಮೇಲೆ ಬರುತ್ತಾರೆ, ಬಂದವರನ್ನು ಮಣೆ ಹಾಕಿ ಕೂರಿಸಬೇಕು, ಕೇಳಬೇಕು, ಅವರು ಬೇಡಿದ್ದು ಕೊಡಬೇಕು ಎಂಬುದು ನಮ್ಮ ಕಡೆ ಅಜ್ಜಂದಿರ ಕಾಲದ ಪದ್ಧತಿ. ಬಂದವರನ್ನು ನೂರು ಕೇಳುತ್ತಾರೆ. ಯಾರ ಮೈಮೇಲೆ ಬಂದರೋ ಆ ಹೆಂಗಸನ್ನು ಮಾತ್ರ "ನಿನಗೇನಮ್ಮ ಆಯಿತು?" ಎಂದು ಒಬ್ಬರೂ ಕೇಳುವುದಿಲ್ಲ. ಈ ಮಾತು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ನನ್ನ ಮೇಲೂ ಸೇರಿಸಿ.

ದಿನಾ ಹನ್ನೊಂದು ಗಂಟೆಗೆ ಜಗುಲಿ ತುಂಬತೊಡಗಿತು. ಕಣಿ ಹೇಳುವ ಮರಿಸಿದ್ದಯ್ಯ ಹಣೆತುಂಬ ವಿಭೂತಿ, ಜೇಬಲ್ಲಿ ಎರಡು ಫೋನು ಇಟ್ಟುಕೊಂಡು ಬಂದು, "ಅನ್ನೊಂದು ಗಂಟೆ ಅಮೃತಗಳಿಗೆ ಕಣ್ರಪ್ಪಾ, ಅಜ್ಜಮ್ಮ ಅದಕ್ಕೇ ಆ ಒತ್ಗೇ ಬರದು" ಎಂದು ಪಂಚಾಂಗ ತೋರಿಸಿದ. ಜನ ಸೊಪ್ಪಿನ ವಿಷಯ ಕೇಳಿದರು, ಸೊಸೆಯಂದಿರ ವಿಷಯ ಕೇಳಿದರು, ಕಳೆದುಹೋದ ಹುಂಜದ ವಿಷಯವನ್ನೂ ಕೇಳಿದರು. ಉತ್ತರವೆಲ್ಲ ಯಾವ ಬುದ್ಧಿವಂತ ಹೆಂಗಸಾದರೂ ಹೇಳುವಂಥದ್ದೇ. "ಸುಣ್ಣ ಉದುರ್ಸು." "ಅವಳ್ನ ತೌರ್ಗೆ ಕಳ್ಸು, ನಾಕ್ ದಿನ ಮಲಿಕ್ಕಳ್ಳಿ." "ಉಂಜ ನಿನ್ ಭಾಮೈದ ತಿಂದವ್ನೆ." ಇದೇ ಮಾತನ್ನು ರೂಪ ಹೇಳಿದ್ದರೆ 'ಬಾಯಿ ಜಾಸ್ತಿ' ಅನ್ನುತ್ತಿದ್ದರು.

ನಾನೂ ಕೇಳಿದೆ ಸ್ವಾಮಿ. ಮೂವತ್ತೆರಡು ವರ್ಷ ಜನರಿಗೆ ಸೂಜಿ ಚುಚ್ಚಿದವಳು, ಮಣೆ ಮುಂದೆ ಕೈಮುಗಿದು, "ಮಂಡಿನೋವಿಗೆ ಆಪರೇಷನ್ ಮಾಡಿಸಲಾ ಅತ್ತೆ?" ಎಂದೆ. "ಮೊದ್ಲು ವಡೆ ತಿನ್ನದ್ ಬುಡು, ಆಮೇಕೆ ನೋಡಮ" ಅಂದಳು. ಜನ ಗೊಳ್ಳೆಂದು ನಕ್ಕರು. ಮುಂದೆ ಮಂಡ್ಯದ ಡಾಕ್ಟರೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

ಯತೀಶನ ಪಾಡು ಯಾರಿಗೂ ಬೇಡ. ಹೆಂಡತಿ ಯಾವಾಗ ಹೆಂಡತಿ, ಯಾವಾಗ ಅಜ್ಜಿ ಎಂದು ಗೊತ್ತಾಗದೆ, ಅವಳು ಒಳಗೆ ಬಂದರೆ ಮಂಚದಿಂದ ಎದ್ದು ನಿಲ್ಲುತ್ತಿದ್ದ. "ನಾನ್ ಏನ್ ಮಾಡ್ಲಿ ಚಿಕ್ಕಮ್ಮ? ಕೈ ಇಡಿಯಕ್ಕೋದ್ರೆ 'ಯಾಕ್ಲಾ ಮಗ' ಅಂದ್ಬುಟ್ರೆ?" ಎಂದು ಗೋಳಾಡಿದ.

ನಗುವುದೆಲ್ಲ ಹೊರಗಿನವರಿಗೆ. ಬಂದ ಮುದುಕಿಗೆಂದು ಭಾವ ಹೊಗೆಸೊಪ್ಪು ಕೊಡುತ್ತಿದ್ದರು, ಬಾಡು ಬಡಿಸುತ್ತಿದ್ದರು. ಮುದುಕಿ ಹೋದ ಮೇಲೆ ರೂಪ ಎಚ್ಚೆತ್ತು, ಬಾಯೆಲ್ಲ ಉರಿದು, ಹಿತ್ತಲಿಗೆ ಓಡಿ ವಾಂತಿ ಮಾಡುತ್ತಿದ್ದಳು. ಹುಟ್ಟಿದಾರಭ್ಯ ಮಾಂಸ ಸೇರದ ಹುಡುಗಿ. ಮಧ್ಯೆ ಏನಾಯಿತೆಂಬುದು ಒಂದೂ ನೆನಪಿರುತ್ತಿರಲಿಲ್ಲ. ಒಂದು ದಿನ ನನಗೆ ಫೋನು ಮಾಡಿದಳು.

"ಚಿಕ್ಕತ್ತೆ, ಗಗನನ ಸ್ಕೂಲ್ ಡೇ ನನಗೆ ನೆನಪಿಲ್ಲ. ಅವಳು ನವಿಲಿನ ಡಾನ್ಸ್ ಮಾಡಿದ್ಲಂತೆ. ನಾನು ಮುಂದಿನ ಸಾಲಲ್ಲೇ ಕೂತಿದ್ದೀನಿ, ಫೋಟೋದಲ್ಲಿ ನಗ್ತಿದ್ದೀನಿ. ಆದ್ರೆ ನಾನು ನೋಡಿಲ್ಲ. ಅವಳು ಸ್ಕೂಲಿಂದ ಬಂದೋಳು ಬಾಗಿಲಲ್ಲೇ ನಿಂತು ಕೇಳ್ತಾಳೆ, 'ಅಮ್ಮ ಇದ್ದಾಳಾ?' ಅಂತ. ನನ್ನನ್ನೇ ಕೇಳ್ತಾಳೆ ಚಿಕ್ಕತ್ತೆ. ನನಗೆ ಏನೂ ಬೇಡ. ನನ್ನ ಮಗಳು ಬೆಳೆಯೋದು ನಾನು ನೋಡಬೇಕು."

ಮಂಡಿಯ ಬಗ್ಗೆ ಕೇಳಿದ ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ. ಮಾರನೆಯ ದಿನವೇ ಹೋಗಿ, 'ರಕ್ತ ಕಡಿಮೆಯಿದೆ, ತೋರಿಸಬೇಕು' ಎಂದು ಭಾವನಿಗೆ ಸುಳ್ಳು ಹೇಳಿ, ರೂಪನನ್ನೂ ಅಕ್ಕನನ್ನೂ ಮಂಡ್ಯಕ್ಕೆ ಕರೆತಂದೆ.

ನನಗೆ ಗೊತ್ತಿದ್ದ ಮನಶ್ಶಾಸ್ತ್ರಜ್ಞೆ ಡಾಕ್ಟರ್ ಕಹಕಶಾನ್. ಮದ್ದೂರಿನ ಹುಡುಗಿ, ಚಿಕ್ಕ ವಯಸ್ಸು, ತಾಳ್ಮೆ ಮಾತ್ರ ದೊಡ್ಡದು. 'ಓಹೋ, ಇದು ಇಂಥದ್ದೇ' ಎಂದು ಮೊದಲ ದಿನವೇ ಹಣೆಪಟ್ಟಿ ಹಚ್ಚುತ್ತಾಳೆಂದು ನಾನು ಕಾದಿದ್ದೆ. ಹಚ್ಚಲಿಲ್ಲ. ಮೂರ್ಛೆರೋಗವೋ ನೋಡಬೇಕೆಂದು ನರರೋಗದ ಡಾಕ್ಟರ ಹತ್ತಿರ ಕಳಿಸಿ ತಲೆಗೆ ವೈರು ಅಂಟಿಸುವ ಪರೀಕ್ಷೆ ಮಾಡಿಸಿದಳು. ರಕ್ತ ನೋಡಿಸಿದಳು. ಎರಡರಲ್ಲೂ ದೋಷ ಕಾಣಲಿಲ್ಲ. ವಾರಕ್ಕೊಂದು ಸಲ, ಎರಡು ತಿಂಗಳು, ಒಂದೊಂದು ಗಂಟೆ ಮಾತಾಡಿಸಿದಳು. ಕೇಳಿದ್ದನ್ನೇ ಬೇರೆ ಬೇರೆ ದಿನ, ಬೇರೆ ಬೇರೆ ರೀತಿ ಕೇಳಿದಳು. ಅಕ್ಕನನ್ನು ಬೇರೆ, ಯತೀಶನನ್ನು ಬೇರೆ ಕೂರಿಸಿ ಕೇಳಿದಳು.

"ಇಷ್ಟೆಲ್ಲ ಯಾಕವ್ವ? ನೋಡುದ್ರೇ ಗೊತ್ತಾಗಕಿಲ್ವಾ?" ಎಂದು ಅಕ್ಕ ಗೊಣಗಿದಳು.

"ಗೊತ್ತಾಗಲ್ಲಮ್ಮ" ಎಂದಳು ಕಹಕಶಾನ್. "ನಟನೆ ಇರಬಹುದು, ಮೂರ್ಛೆ ಇರಬಹುದು, ಬೇರೆ ಕಾಯಿಲೆನೂ ಇರಬಹುದು. ಇದರ ಬಗ್ಗೆ ಓದಿದೋರಲ್ಲೇ ಇನ್ನೂ ಜಗಳ ಇದೆ. ಹಬ್ಬದ ದಿನ ದೇವರ ಮುಂದೆ ಮೈದುಂಬಿ, ಆಮೇಲೆ ನೆಟ್ಟಗೆ ಮನೆಗೆ ಹೋಗಿ ಸಾರು ಕಾಯಿಸೋರೆಲ್ಲ ರೋಗಿಗಳು ಅಂತ ನಾನು ಹೇಳಲ್ಲ. ಬೇಡ ಅಂದ್ರೂ ಬರುತ್ತಾ, ನೆನಪು ಹೋಗುತ್ತಾ, ಬದುಕು ಕೆಡುತ್ತಾ, ಅದನ್ನ ನೋಡ್ತೀವಿ."

ಐದನೆಯ ವಾರ ನನ್ನನ್ನೂ ಅಕ್ಕನನ್ನೂ ಒಳಗೇ ಕೂರಿಸಿಕೊಂಡಿದ್ದಳು. ರೂಪ ಮಾತಾಡುತ್ತಿರುವಾಗಲೇ ಕರೆಂಟು ಹೋಗಿ ಕಿಟಕಿಯಾಚೆ ಜನರೇಟರು ಧಡಧಡ ಶುರುವಾಯಿತು. ರೂಪ ಕುರ್ಚಿಯ ಕೆಳಗೆ ಮುದುರಿದಳು, ಅತ್ತಳು. ಅರೆ ನಿಮಿಷಕ್ಕೆ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಡಾಕ್ಟರನ್ನೇ ಮೇಲಿಂದ ಕೆಳಗೆ ನೋಡಿದಳು.

"ಯಾರ ಮಗಳಮ್ಮ ನೀನು?"

ಕಹಕಶಾನ್ ಹೆದರಲಿಲ್ಲ, ಕೈಯನ್ನೂ ಮುಗಿಯಲಿಲ್ಲ. "ಮದ್ದೂರಿನ ನಯಾಜ್ ಪಾಷಾ ಮಗಳು ಅಜ್ಜಿ. ಕೂತ್ಕೊಳ್ಳಿ."

"ಮೋಟ್ರು ರಿಪೇರಿ ನಯಾಜನಾ? ನಮ್ ಮೋಟ್ರ ಮೂರ್ ಸಲ ಸುತ್ಕೊಟ್ಟವ್ನೆ. ಮೂರ್ ಸಲನೂ ಸುಟ್ಟೋಯ್ತು."

"ಅದಕ್ಕೇ ನಾನು ಬೇರೆ ಕೆಲಸ ಹಿಡಿದೆ ಅಜ್ಜಿ." ಆಮೇಲೆ ಮೆಲ್ಲಗೆ, "ನೀವು ಯಾಕೆ ಬರ್ತೀರಿ?" ಎಂದು ಕೇಳಿದಳು.

ಒಂದು ವರ್ಷದಲ್ಲಿ ನೂರಾರು ಜನ ಆ ಮಣೆಯ ಮುಂದೆ ಕೂತಿದ್ದರು. ಈ ಪ್ರಶ್ನೆ ಒಬ್ಬರಿಗೂ ಹೊಳೆದಿರಲಿಲ್ಲ.

"ಆ ಮಗು ಎದ್ರುಕೊಂಡದೆ" ಎಂದಳು ಮಂಚಮ್ಮ. "ಬಾಗ್ಲಲ್ಲಿ ಯಾರಾರ ನಿಂತ್ಕಬೇಕಲ್ವಾ?"

ಆ ದಿನದ ಮೇಲೆ ಕಹಕಶಾನ್ ನಮಗೆ ಬಿಡಿಸಿ ಹೇಳಿದಳು. ಹಿಂದೆ ಇದನ್ನು ಬಹುವ್ಯಕ್ತಿತ್ವ ಅನ್ನುತ್ತಿದ್ದರಂತೆ, ಈಗ ಬೇರೆ ಹೆಸರಿದೆಯಂತೆ. "ಚಿಕ್ಕ ಮಗುವಿನ ಮನಸ್ಸು ಇನ್ನೂ ಒಂದಾಗಿ ಕೂಡಿಕೊಳ್ತಿರೋ ವಯಸ್ಸು. ಆಗ ತಡೆಯೋಕಾಗದ ಭಯ ಮೇಲಿಂದ ಮೇಲೆ ಬಿದ್ರೆ, 'ಇದು ನನಗೆ ಆಗ್ತಿಲ್ಲ, ಬೇರೆ ಯಾರಿಗೋ ಆಗ್ತಿದೆ' ಅಂತ ಮನಸ್ಸು ಬಾಗಿಲು ಹಾಕ್ಕೊಂಡು ಬಿಡಬಹುದು. ಆ ಬೇರೆ ಯಾರೋ ಒಳಗೇ ಉಳ್ಕೊಳ್ತಾರೆ. ಇವಳಲ್ಲಿ ಹೆದರಿದ ಮಗು ಒಂದು, ಆ ಮಗೂನ ಕಾಯೋಕೆ ಮಂಚಮ್ಮ. ಮೂರು ಜನ ಅಲ್ಲಮ್ಮ. ಒಬ್ಬಳೇ ರೂಪ, ಮೂರು ಕಡೆ ಹಂಚಿಹೋಗಿದ್ದಾಳೆ. ಇದಕ್ಕೇ ಅಂತ ಮಾತ್ರೆ ಇಲ್ಲ. ನಿಧಾನವಾಗಿ ಮಾತಾಡ್ತಾ ಮಾತಾಡ್ತಾ ಒಬ್ಬರಿಗೊಬ್ಬರ ಪರಿಚಯ ಮಾಡಿಸಬೇಕು. ವರ್ಷಗಳೇ ಆಗಬಹುದು."

ಸೋದರಮಾವನ ಮನೆಯಲ್ಲಿ ಏನು ನಡೆಯಿತೆಂದು ನಾನು ಬರೆಯುವುದಿಲ್ಲ, ಅದು ಅವಳ ಮಾತು. ಚಿಕ್ಕ ಮಗುವನ್ನು ಮೋಟರು ಮನೆಯಲ್ಲಿ ಕೂಡಿಹಾಕಿ ಬೀಗ ಹಾಕುತ್ತಿದ್ದರು ಎಂಬಷ್ಟು ಹೇಳಿದರೆ ಸಾಕು.

ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಸಣ್ಣಿ, ಈ ಮನೇಲಿ ಅವಳು ಯಾರ್ಗ್ ಎದ್ರುಕೊಂಡು ನಮ್ಮತ್ತೆಯ ಕರೆದ್ಲೆ? ನಂಗೆ ತಾನೇ?" ಎಂದಳು. ಮೋಟರಿಗೆ ಅಂದೆ ನಾನು. "ಬರೀ ಮೋಟ್ರಿಗಲ್ಲ ಕಣೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಕಹಕಶಾನ್ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಕೊಟ್ಟಿದ್ದಳು. ಯಾವ ಹೊತ್ತಿಗೆ ಯಾರು ಬಂದರು, ಮುಂಚೆ ಏನಾಯಿತು, ಎಷ್ಟು ಹೊತ್ತಿದ್ದರು, ಎಲ್ಲ ಬರೆಯಬೇಕು. ರೂಪ ತಾನಿದ್ದಾಗ ಬರೆಯುತ್ತಿದ್ದಳು. ನಡುವೆ ಪೆನ್ಸಿಲಿನಲ್ಲಿ ಸೊಟ್ಟಪಟ್ಟ ಅಕ್ಷರದಲ್ಲಿ 'ಕತ್ತಲೆ' ಎಂದು ಒಂದು ಪುಟ, ಅವಳೊಳಗಿನ ಹೆದರಿದ ಮಗುವಿನದು. ಉಳಿದದ್ದು ಅಕ್ಕನ ಪಾಲು. ಏಳನೆಯ ಕ್ಲಾಸು ಓದಿದ ಅಕ್ಕ ಗಡಿಯಾರ ನೋಡಿಕೊಂಡು ಬರೆದಳು:

"೧೧-೧೦. ಬಂದರು.
೧೧-೧೨. ನನ್ನ ಬೈದರು.
೧೧-೧೫. ಪುನಃ ಬೈದರು. ನಾನು ಏನೂ ಮಾಡಿರಲಿಲ್ಲ.
೧೧-೪೦. ಹೋದರು. ದೇವರು ದೊಡ್ಡವನು."

ಕಹಕಶಾನ್ ಓದಿ ನಕ್ಕು, "ಸಿಸ್ಟರ್, ನಾನು ಇದುವರೆಗೆ ನೋಡಿದ್ರಲ್ಲೇ ಒಳ್ಳೇ ದಾಖಲೆ ಇದು" ಎಂದಳು. ಬರೆಯತೊಡಗಿದ ಮೂರನೆಯ ವಾರದಲ್ಲಿ ಒಂದು ವಿಷಯ ಎದ್ದು ಕಂಡಿತು. ಮಂಚಮ್ಮ ಇದ್ದಕ್ಕಿದ್ದಂತೆ ಮಧ್ಯಾಹ್ನ ಮೂರು ಗಂಟೆಗೆ ಬರತೊಡಗಿದ್ದಳು. ಮರಿಸಿದ್ದಯ್ಯ ಗ್ರಹ ಪಲ್ಲಟವಾಗಿದೆ ಎಂದಿದ್ದ. ಪಲ್ಲಟವಾದದ್ದು ಕರೆಂಟಿನ ಪಾಳಿ. ಆ ವಾರದಿಂದ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಮೂರು ಗಂಟೆಗೆ. ಮೋಟರು ಹಾಕಿದ ದಿನ ಬಂದಿದ್ದಾಳೆ, ಹಾಕದ ದಿನ ಬಂದಿಲ್ಲ.

ಈಗ ನನ್ನ ದಡ್ಡತನ. ಕಹಕಶಾನ್‌ಗೆ ಒಂದು ಮಾತೂ ಹೇಳದೆ ನಾನು ಆ ನೋಟ್‌ಬುಕ್ಕನ್ನು ಎತ್ತಿಕೊಂಡು ಹೋಗಿ ಭಾವನ ಮುಂದೆ ಬಿಚ್ಚಿದೆ. ದಿನ, ಗಂಟೆ, ಕರೆಂಟು, ಎಲ್ಲ ಬೆರಳಿಟ್ಟು ತೋರಿಸಿದೆ. ಭಾವ ಕನ್ನಡಕ ಹಾಕಿಕೊಂಡು ಗಮನವಿಟ್ಟು ಓದಿದರು.

"ಅಂದ್ರೆ ಸಣ್ಣತಾಯಿ, ಮೋಟ್ರು ಆಕುದ್ರೆ ಅವ್ವ ಬತ್ತಾಳೆ ಅನ್ನು."

"ಹೂಂ ಭಾವ! ಅದನ್ನೇ ನಾನು ಹೇಳ್ತಿರೋದು!"

"ಒಳ್ಳೇದಾಯ್ತು" ಎಂದು ನೋಟ್‌ಬುಕ್ಕು ಮಡಚಿ ಕೊಟ್ಟರು. ನಾನು ಗೆದ್ದೆನೆಂದು ಬಸ್ಸಿನಲ್ಲಿ ವಡೆ ತಿನ್ನುತ್ತ ಮನೆಗೆ ಬಂದೆ.

ಮಾರನೆಯ ದಿನದಿಂದ ಭಾವ ತಾಯಿಯನ್ನು ನೋಡಬೇಕೆನಿಸಿದಾಗಲೆಲ್ಲ ಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತತೊಡಗಿದರು. ದಿನಕ್ಕೆ ನಾಲ್ಕು ಸಲ. ತೋಟದಲ್ಲಿ ಮೊಣಕಾಲುದ್ದ ನೀರು ನಿಂತಿತು. ಪಕ್ಕದ ಹೊಲದ ಸಿದ್ದರಾಮು ಬದುವಿನ ಮೇಲೆ ನಿಂತು, "ಜವರಣ್ಣ, ಹಿಪ್ಪುನೇರಳೆ ಕಿತ್ತಾಕಿ ಭತ್ತ ನಾಟಿ ಮಾಡ್ತೀಯಾ?" ಎಂದು ಕೇಳಿದನಂತೆ. ಇತ್ತ ರೂಪನಿಗೆ ದಿನಕ್ಕೆ ದಿನವೇ ಕಾಣೆಯಾಗತೊಡಗಿತು. ಗಗನನನ್ನು ಶಾಲೆಯಿಂದ ಕರೆತರುವವರಿಲ್ಲದೆ ಟೀಚರೇ ಮನೆಗೆ ತಂದು ಬಿಟ್ಟರು. ನಾನು ಹೋದಾಗ ಆ ಮಗು ನನ್ನ ಹತ್ತಿರ, "ಅಜ್ಜಿ, ಇವತ್ತು ಅಮ್ಮ ನನಗೆ ತಂಗಿ ಆಗಿದ್ಲು. ನಾನೇ ಅವಳಿಗೆ ಅನ್ನ ತಿನ್ನಿಸ್ದೆ" ಎಂದು ಹೇಳಿತು. ನಾನು ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಭಾವನ ಹತ್ತಿರ ಜಗಳಕ್ಕೆ ನಿಂತೆ.

"ಎತ್ತವ್ವ ಬಂದವ್ಳೆ. ವಾಪಸ್ ಕಳ್ಸು ಅಂತೀಯಾ?" ಎಂದರು ಭಾವ. "ನಿಮ್ಮ ಡಾಕುಟ್ರುಗೆ ಏಳು, ಅವರವ್ವ ಸತ್ತು ಬಂದ್ರೆ ಗೊತ್ತಾಯ್ತದೆ."

"ಅವಳು ನಿಮ್ಮವ್ವ ಅಲ್ಲ ಭಾವ. ನಿಮ್ಮ ಸೊಸೆ. ಕಾಯಿಲೆಯಿಂದ ನರಳ್ತಿದ್ದಾಳೆ."

"ಕಾಯಿಲೆ ಬಂದೋಳು ಉಳ ಉಳಿಸ್ತಾಳಾ? ಸುಮ್ಕಿರು ನೀನು."

ಹಿರಿಯರ ಹಬ್ಬ ಹತ್ತಿರ ಬಂತು. ಮರಿಸಿದ್ದಯ್ಯ ಹೊಸದೊಂದು ಮಾತು ಹೊರಡಿಸಿದ: ಅಜ್ಜಮ್ಮ ಹೀಗೆ ಬಂದು ಹೋಗಿ ಮಾಡುವುದು ಸರಿಯಲ್ಲ, ಎಡೆ ಇಡುವ ದಿನ ರೂಪನಿಗೆ ಕಂಕಣ ಕಟ್ಟಿ ಗದ್ದುಗೆಗೆ ಕೂರಿಸಬೇಕು. ಆಮೇಲೆ ಅವಳು ಮುಂದಿನ ಕೋಣೆಯಲ್ಲೇ ಇರಬೇಕು, ಆಸ್ಪತ್ರೆಯ ಹೊಸ್ತಿಲು ತುಳಿಯಬಾರದು, ಗಂಡ ಮಕ್ಕಳನ್ನು ಮುಟ್ಟಬಾರದು. ಗಗನನನ್ನು ಹಾಸ್ಟೆಲಿಗೆ ಹಾಕಿದರಾಯಿತು. ಭಾವ ಒಪ್ಪಿದರು. ಯತೀಶ "ಅಪ್ಪ ಏಳ್ದಂಗೆ" ಎಂದ. ಅವನು ಹುಟ್ಟಿದಾಗಿನಿಂದ ಅದೊಂದೇ ಮಾತು ಕಲಿತಿರುವುದು.

ಎಡೆಯ ದಿನ ನಾನು ಬೆಳಗ್ಗೆಯೇ ಹೋದೆ. ಆ ವಾರ ಕರೆಂಟು ಮತ್ತೆ ಹನ್ನೊಂದಕ್ಕೆ. ನಡುಮನೆಯಲ್ಲಿ ಮಂಚಮ್ಮನ ಫೋಟೋ ಗೋಡೆಗೆ ಒರಗಿಸಿತ್ತು, ಆದರೆ ಎಡೆ ಫೋಟೋದ ಮುಂದಿರಲಿಲ್ಲ. ಬಾಡು, ಕಾಳುಗೊಜ್ಜು, ಒಬ್ಬಟ್ಟು, ಹೊಗೆಸೊಪ್ಪು, ಎಲ್ಲ ಎಲೆಯಲ್ಲಿ ಬಡಿಸಿ ಖಾಲಿ ಗದ್ದುಗೆಯ ಮುಂದೆ ಇಟ್ಟಿದ್ದರು. ಜಗುಲಿಯಿಂದ ಬೀದಿಯವರೆಗೂ ಜನ. ಮರಿಸಿದ್ದಯ್ಯ ಒಂದು ಫೋನನ್ನು ಗದ್ದುಗೆಯ ಕಡೆ ತಿರುಗಿಸಿ ನಿಲ್ಲಿಸಿ, ವಿಡಿಯೋ ಹಚ್ಚಿದ್ದ.

ರೂಪ ಅಡಿಗೆಮನೆಯಿಂದ ಬಂದಳು. ಕೊಟ್ಟಿದ್ದ ಹಳದಿ ಸೀರೆ ಉಟ್ಟಿರಲಿಲ್ಲ, ಮನೆಯ ಸೀರೆಯಲ್ಲೇ ಇದ್ದಳು. ಗಗನ ಅವಳ ಸೆರಗು ಹಿಡಿದಿದ್ದಳು.

"ನಾನು ಕೂರಲ್ಲ ಮಾವ" ಎಂದಳು. "ಕಂಕಣ ಕಟ್ಟಿಸ್ಕೊಳ್ಳಲ್ಲ. ನನ್ನ ಮಗಳನ್ನ ಎಲ್ಲಿಗೂ ಕಳಿಸಲ್ಲ."

ಭಾವ ಸಿಟ್ಟು ಕೂಡ ಮಾಡಿಕೊಳ್ಳಲಿಲ್ಲ. "ನಿನ್ನ ಯಾರಮ್ಮ ಕೇಳ್ದೋರು?" ಎಂದರು. "ನಮ್ಮವ್ವನ್ನ ಕೇಳ್ತೀನಿ, ಇರು."

ಹೇಳಿ, ಹಿತ್ತಲಿಗೆ ನಡೆದರು. ರೂಪ ಕಣ್ಣು ಮುಚ್ಚಿಕೊಂಡಳು. ಎಲ್ಲರೂ ಕಾದರು. ಸ್ಟಾರ್ಟರು 'ಟಕ್' ಎಂದಿತು. ಗೋಡೆ ಗುಂಯ್ಗುಡಲಿಲ್ಲ. ಮತ್ತೆ 'ಟಕ್'. ಮತ್ತೆ ಮತ್ತೆ 'ಟಕ್ ಟಕ್ ಟಕ್'. ಮರಿಸಿದ್ದಯ್ಯ ಪಂಚಾಂಗ ತೆಗೆದ.

ಭಾವ ಬೆವರು ಒರೆಸಿಕೊಳ್ಳುತ್ತ ಬಂದರು. "ಕರೆಂಟದೆ, ಮೋಟ್ರು ಓಡ್ತಿಲ್ಲ. ಯಾವನ್ಲಾ ಫ್ಯೂಸ್ ಕಿತ್ತೋನು?"

"ನಾನು" ಎಂದಳು ಅಕ್ಕ.

ಮಡಿಲಿನಿಂದ ಒಂದೊಂದಾಗಿ ಮೂರು ಫ್ಯೂಸು ತೆಗೆದು ತೋರಿಸಿ, ಮತ್ತೆ ಮಡಿಲಿಗೇ ಹಾಕಿಕೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡದ ಹೆಂಗಸು.

"ಕೊಡೆ ಇಲ್ಲಿ! ಅವ್ವ ಬರಬೇಕು!"

"ನಿಮ್ಮವ್ವ ಸತ್ತು ಮೂರು ವರ್ಸ ಆಯ್ತು. ಸಾಯೋಗಂಟ ನಾನೇ ನೋಡ್ಕೊಂಡಿವ್ನಿ, ಬಾಯ್ಗೆ ನೀರು ಬುಟ್ಟೋಳು ನಾನು. ಅವರು ಒಂಟೋದ್ರು. ಇವಳು ರೂಪ." ಅಕ್ಕ ಹೋಗಿ ರೂಪನ ಮುಂದೆ ನಿಂತಳು. ಕೈ ಸೊಂಟದ ಮೇಲಿತ್ತು. "ಈ ಮಗೀಗೆ ಎದ್ರಿಕೆ ಆದಾಗ ಬಾಗ್ಲಲ್ಲಿ ನಿಂತ್ಕಳಕ್ಕೆ ಬದ್ಕಿರೋಳು ಒಬ್ಳೂ ಇರ್ನಿಲ್ಲ, ಅದ್ಕೇ ಸತ್ತೋರ್ನ ಕರ್ಕೊಂಡ್ಲು. ಆ ತಪ್ಪು ನಂದೂವೆ. ಇನ್ಮ್ಯಾಕೆ ಬಾಗ್ಲಲ್ಲಿ ನಾನಿವ್ನಿ. ಇವಳ ತಂಟೆಗೆ ಬಂದ್ರೆ ಉಸಾರು!"

ಮರಿಸಿದ್ದಯ್ಯ, "ತಾಯಿ, ಇರಿಯರು ಮುನಿಸ್ಕೋತಾರೆ" ಎಂದು ಬಾಯಿ ಹಾಕಿದ.

"ನೀನು ನಿನ್ ಫೋನ್ ಎತ್ಕೊಂಡು ಎದ್ದೋಗು. ನನ್ ಅತ್ತೆಯ ಮುನಿಸು ನನಗಿಂತ ಚೆನ್ನಾಗ್ ಗೊತ್ತಾ ನಿಂಗೆ?"

ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ಮರಿಸಿದ್ದಯ್ಯ ಫೋನು ಎತ್ತಿಕೊಂಡ.

ಭಾವ ನಿಂತಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಎಪ್ಪತ್ತು ವರ್ಷದ ಗಂಡಸು, ಮಗುವಿನ ಹಾಗೆ ಅತ್ತರು. "ಅವ್ವ ಇಲ್ದೆ ನಾನು ಯಾರ್ನ ಕೇಳ್ಳಿ?" ಎಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ರೂಪ ಅಕ್ಕನ ಹಿಂದಿನಿಂದ ಬಂದು ಅವರ ಎದುರು ಕೂತಳು.

"ಮಾವ, ನಿಮಗೂ ಅವ್ವ ಬೇಕಾಗಿದ್ರು, ನನಗೂ ಬೇಕಾಗಿದ್ರು. ಕೇಳಬೇಕಾದ್ದು ಇದ್ರೆ ನನ್ನ ಕೇಳಿ. ಗೊತ್ತಿದ್ದದ್ದು ಹೇಳ್ತೀನಿ."

ಅಕ್ಕ ಗದ್ದುಗೆಯ ಮುಂದಿನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಯ್ದು ಮಂಚಮ್ಮನ ಫೋಟೋದ ಮುಂದೆ ಇಟ್ಟು, ಅಡ್ಡಬಿದ್ದಳು. ಎದ್ದು ಬಂದು ಸೊಸೆಯನ್ನು ಕೇಳಿದಳು: "ನಿಂಗೇನ್ ಉಣ್ಣಕ್ಕಿಕ್ಲಿ?"

ಆ ಮನೆಯಲ್ಲಿ ಏಳು ವರ್ಷಕ್ಕೆ ಮೊದಲ ಸಲ ಬಂದ ಪ್ರಶ್ನೆ. ರೂಪ, "ಮುದ್ದೆ, ಉಪ್ಸಾರು" ಎಂದಳು. ಹಬ್ಬದ ದಿನ ಉಪ್ಸಾರೇ ಎಂದು ಯಾರೂ ಕೇಳಲಿಲ್ಲ. ಅಕ್ಕ ಒಲೆ ಹಚ್ಚಿದಳು.

ಇದಾಗಿ ಒಂಬತ್ತು ತಿಂಗಳು. ರೂಪನಿಗೆ ಪೂರ್ತಿ ಗುಣವಾಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ವಾರಕ್ಕೊಮ್ಮೆ ಮಂಡ್ಯಕ್ಕೆ ಬರುತ್ತಾಳೆ, ಈಗ ಯತೀಶನೇ ಕರೆತರುತ್ತಾನೆ, ಯಾರನ್ನೂ ಕೇಳದೆ. ಮಂಚಮ್ಮ ಆಗೊಮ್ಮೆ ಈಗೊಮ್ಮೆ ಬರುತ್ತಾಳೆ. ಯಾರೂ ಮಣೆ ಹಾಕುವುದಿಲ್ಲ, ಹೊಗೆಸೊಪ್ಪು ಕೊಡುವುದಿಲ್ಲ. ಅಕ್ಕ ಪಕ್ಕದಲ್ಲಿ ಕೂತು, "ಏನೂ ಇಲ್ಲ ಕಣತ್ತೆ, ನಾನಿವ್ನಿ, ನೀವು ಸುದಾರಿಸ್ಕಳಿ" ಅನ್ನುತ್ತಾಳೆ. ಕಹಕಶಾನ್ ಹೇಳಿಕೊಟ್ಟಂತೆ ರೂಪ ಮೋಟರಿನ ಹತ್ತಿರ ದಿನಕ್ಕೊಂದು ಹೆಜ್ಜೆ ಹೋಗಿ ಬರುತ್ತಿದ್ದಳು, ಅಕ್ಕನ ಕೈ ಹಿಡಿದು. ಭಾವ ದೂರದಿಂದ ನೋಡುತ್ತಿದ್ದರು.

ಹೋದ ಮಂಗಳವಾರ ನಾನು ಊರಿಗೆ ಹೋದಾಗ ಅಕ್ಕ ನೋಟ್‌ಬುಕ್ಕು ತಂದು ಕೈಗಿಟ್ಟಳು. ಮೂರನೆಯ ನೋಟ್‌ಬುಕ್ಕು ಅದು. ಹಿಂದಿನ ದಿನದ ಪುಟದಲ್ಲಿ ಹೀಗಿತ್ತು:

"೧೧-೦೦. ಕರೆಂಟು ಬಂತು. ರೂಪ ತಾನೇ ಹೋಗಿ ಮೋಟರು ಹಾಕಿದಳು.
೧೧-೦೫. ರೂಪನೇ ಇದ್ದಾಳೆ.
೧೧-೧೦. ರೂಪನೇ.
೧೧-೧೨. ಕಿಟಕಿ ತೆಗೆದಿಲ್ಲವೆಂದು ನನ್ನನ್ನು ಬೈದಳು. ಯಜಮಾನರು ಹೋಗಿ ತೆಗೆದರು.
೪-೦೦. ಗಗನ ಶಾಲೆಯಿಂದ ಬಂದಳು. ಅಮ್ಮ ಇದ್ದಾಳಾ ಎಂದು ಕೇಳಲಿಲ್ಲ."